ವೃತ್ತಿಯ ಆಯ್ಕೆಯೂ ನೋಟದ ಸುಖವೂ: ಆನ್‌ಲೈನ್ ಅದ್ಭುತಲೋಕದ ಆಟಗಳನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಇತಿಹಾಸದ ಅಭ್ಯಾಸಿಗಳು ಆಟಗಳನ್ನು ಕುರಿತು ಬರೆಯುವುದು ವಿಚಿತ್ರವೆಂದು ತೋರಬೇಕಾದುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಐದು ವಿಂಶತಿಗಳಲ್ಲಿ ಒಂದು ಕ್ರೀಡೆಗಳಿಗೇ ಮೀಸಲಾಗಿದೆ. ಒಂದು ಕಾಲದ ಜನರು ಬಿಡುವಿನ ವೇಳೆಯಲ್ಲಿ ಏನನ್ನು ಆಡಿದರು, ಯಾರೊಡನೆ ಆಡಿದರು ಎಂಬುದು ಆ ಕಾಲದ ಜೀವನವನ್ನು ಅರಿಯಲು ಒಂದು ಆಕರವೇ ಸರಿ. ನಮ್ಮ ವಿದ್ಯಾರ್ಥಿಗಳು ಕಂಪ್ಯೂಟರಿನ ಮುಂದೆ ಕುಳಿತು ಆಡುವ ಆಟಗಳನ್ನು ನಾವು ಅಧ್ಯಾಪಕರು ಕೇವಲ ಕಾಲಹರಣವೆಂದು ಬದಿಗೆ ಸರಿಸುವುದುಂಟು. ಆದರೆ ಐವತ್ತು ವರ್ಷಗಳಿಗೂ ಮೀರಿದ ಚರಿತ್ರೆ ಅವುಗಳಿಗಿದೆ. ಲಕ್ಷಾಂತರ ಜನರ ಪರಸ್ಪರ ವ್ಯವಹಾರ ಅವುಗಳಲ್ಲಿ ನಡೆದಿದೆ. ಆ ಆಟಗಳಲ್ಲಿ ಒಂದು ಬಗೆಯನ್ನು ಮಾತ್ರ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಅನೇಕ ದೇಶಗಳ ಸಾವಿರಾರು ಜನರು ಅಂತರ್ಜಾಲದ ಮೂಲಕ ಏಕಕಾಲದಲ್ಲಿ ಒಂದೇ ಕಲ್ಪಿತ ಭೂಭಾಗವನ್ನು ಪ್ರವೇಶಿಸಿ, ಅಲ್ಲಿ ಯೋಧರಾಗಿಯೋ ಮಾಂತ್ರಿಕರಾಗಿಯೋ ಸಂಚರಿಸುವ ಆಟಗಳೇ ಆನ್‌ಲೈನ್ ಅದ್ಭುತಲೋಕದ ಆಟಗಳು. ಪ್ರವೇಶದ ಬಾಗಿಲಲ್ಲಿಯೇ ಆಟಗಾರನು ತನ್ನ ಪಾತ್ರಕ್ಕೆ ಒಂದು ‘ಕ್ಲಾಸ್’ ಅನ್ನು ಆರಿಸಿಕೊಳ್ಳಬೇಕು. ಈ ಮಾತನ್ನು ‘ವರ್ಗ’ ಎಂದು ಕನ್ನಡಿಸಿದರೆ ಸಾಮಾಜಿಕ ವರ್ಗವೆಂಬ ಅರ್ಥ ಬರುವುದು. ‘ಪಾತ್ರವರ್ಗ’ವೆಂದರೆ ನಾಟಕದ ಮಾತಾಗುವುದು. ಆದ್ದರಿಂದ ಇಲ್ಲಿ ಅದನ್ನು ‘ವೃತ್ತಿ’ ಎಂದು ಕರೆದಿದೆ. ಯಾವ ವೃತ್ತಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು, ಆಟದ ಗ್ರಾಫಿಕ್ಸ್ ಎಷ್ಟು ಚೆನ್ನಾಗಿದೆ ಎಂಬ ಎರಡು ಪ್ರಶ್ನೆಗಳನ್ನು ಆಟಗಾರರು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಕೇಳುತ್ತಾರೆ. ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ನಮ್ಮ ಅಭಿಪ್ರಾಯ. ವೃತ್ತಿಯನ್ನು ಆರಿಸುವುದೆಂದರೆ ತನಗೆ ಯಾವುದು ಅಸಾಧ್ಯವೆಂಬುದನ್ನು, ಆದಕಾರಣ ತನಗೆ ಯಾರ ನೆರವು ಬೇಕಾಗುವುದೆಂಬುದನ್ನು ಆರಿಸುವುದು. ಚಿತ್ರದ ಮೊದಲ ಕೆಲಸವೆಂದರೆ ಹಾಗೆ ಬೇಕಾದವರನ್ನು ಕಣ್ಣಿಗೆ ಕಾಣಿಸಿಕೊಡುವುದು.

೧. ಸೇನೆಯಿಂದ ವ್ಯಕ್ತಿಗೆ

ಈ ವೃತ್ತಿಗಳ ಮೂಲವನ್ನು ಅರಸಿ ಹೊರಟರೆ ನಾವು ತಲಪುವುದು ಕಥಾಸಾಹಿತ್ಯವನ್ನಲ್ಲ, ಯುದ್ಧಾಭ್ಯಾಸದ ಮೇಜನ್ನು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ೧೮೨೪ರಲ್ಲಿ ಪ್ರಚಾರಕ್ಕೆ ತಂದ ‘ಕ್ರೀಗ್‌ಶ್ಪೀಲ್’ ಎಂಬ ಯುದ್ಧಕ್ರೀಡೆಯಲ್ಲಿ ಅಧಿಕಾರಿಗಳು ನಕ್ಷೆಯ ಮೇಲೆ ತುಂಡುಗಳನ್ನು ನಡೆಸಿ, ದಾಳಗಳನ್ನು ಉರುಳಿಸಿ, ಮಧ್ಯಸ್ಥನೊಬ್ಬನ ತೀರ್ಪಿಗೆ ಒಳಪಟ್ಟು ಕದನದ ಅಭ್ಯಾಸ ಮಾಡುತ್ತಿದ್ದರು. ಕಾಲಾಳು, ಅಶ್ವದಳ, ಫಿರಂಗಿದಳ - ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಬಲವೂ ಒಂದು ದೌರ್ಬಲ್ಯವೂ ಇರುವುದೇ ಇಂತಹ ಆಟದ ಜೀವಾಳ. ಮುಂದೆ ಇಂತಹ ಆಟಗಳು ಸೈನ್ಯದ ಹೊರಗೂ ಹರಡಿದುವು, ೧೯೧೩ರಲ್ಲಿ ಎಚ್. ಜಿ. ವೆಲ್ಸನು ಆಟಿಕೆಯ ಸೈನಿಕರೊಡನೆ ಆಡುವ ಕ್ರಮವನ್ನು ವಿವರಿಸುವ ಪುಸ್ತಕವೊಂದನ್ನು ಪ್ರಕಟಿಸಿದನು.

೧೯೭೧ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ಎಂಬ ಮಧ್ಯಯುಗೀನ ಯುದ್ಧಕ್ರೀಡೆಯ ನಿಯಮಗಳನ್ನು ಅಚ್ಚು ಹಾಕಿಸಿದರು. ಅದರ ಅನುಬಂಧದಲ್ಲಿ ವೀರರೂ ಮಾಂತ್ರಿಕರೂ ರಾಕ್ಷಸರೂ ಕಾಣಿಸಿಕೊಂಡರು. ಅದೇ ಕಾಲಕ್ಕೆ ಡೇವ್ ಆರ್ನ್‌ಸನ್ ತನ್ನ ಮಿತ್ರಕೂಟದಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಸೈನ್ಯವನ್ನಲ್ಲ, ಒಬ್ಬೊಬ್ಬ ವ್ಯಕ್ತಿಯನ್ನು ವಹಿಸಿಕೊಡುವ ಪದ್ಧತಿಯನ್ನು ಬೆಳೆಸುತ್ತಿದ್ದನು. ಗೈಗ್ಯಾಕ್ಸ್ ಮತ್ತು ಆರ್ನ್‌ಸನ್ ಇಬ್ಬರ ಹೆಸರಿನಲ್ಲಿ ೧೯೭೪ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಎರಡು ಧಾರೆಗಳ ಸಂಗಮ. ಮೊದಲ ಮುದ್ರಣದಲ್ಲಿ ಒಂದು ಸಾವಿರ ಪ್ರತಿಗಳು ಮಾತ್ರ ಹೊರಬಂದ ಈ ಆಟದಲ್ಲಿ ವೃತ್ತಿಗಳು ಮೂರೇ: ಯೋಧ, ಮಾಂತ್ರಿಕ, ಪಾದ್ರಿ. ‘ಕಳ್ಳ’ ಎಂಬ ನಾಲ್ಕನೆಯ ವೃತ್ತಿ ೧೯೭೫ರ ಅನುಬಂಧದಲ್ಲಿ ಸೇರಿತು.

ಇಲ್ಲಿ ಗಮನಿಸತಕ್ಕ ಅಂಶ ನಿಷೇಧಗಳ ಸ್ವರೂಪ. ಮಾಂತ್ರಿಕನಿಗೆ ಕಠಾರಿಯ ಹೊರತು ಬೇರೆ ಆಯುಧವಿಲ್ಲ. ಪಾದ್ರಿಯು ಹರಿತವಾದ ಅಲಗಿನ ಆಯುಧವನ್ನು ಮುಟ್ಟಲಾಗದು. ಯೋಧನಿಗೆ ಮಂತ್ರ ಬಾರದು. ಪ್ರತಿಯೊಂದು ವೃತ್ತಿಯ ಲಕ್ಷಣವನ್ನು ಅದರ ಸಾಮರ್ಥ್ಯದಷ್ಟೇ ಅದರ ಕೊರತೆಯೂ ನಿರ್ಣಯಿಸುತ್ತದೆ. ಸೇನೆಯಲ್ಲಿ ದಳಗಳ ನಡುವೆ ಇದ್ದ ಹೊಂದಾಣಿಕೆಯೇ ಇಲ್ಲಿ ವ್ಯಕ್ತಿಗಳ ನಡುವಿನ ಸಂಬಂಧವಾಗಿ ಮಾರ್ಪಟ್ಟಿತೆಂದು ಹೇಳಬಹುದು.

ವೃತ್ತಿಯ ಜೊತೆಗೆ ಕುಲವೆಂಬ ಇನ್ನೊಂದು ಆಯ್ಕೆಯೂ ಇದ್ದಿತು. ೧೯೭೪ರ ನಿಯಮದಂತೆ ಮಾನವನು ಯಾವ ವೃತ್ತಿಯನ್ನಾದರೂ ಹಿಡಿಯಬಹುದಿತ್ತು. ಕುಬ್ಜನಾದರೋ ಯೋಧನಾಗಿಯೇ ಇರಬೇಕು. ಹುಟ್ಟಿನಿಂದ ಕಸುಬನ್ನು ನಿಶ್ಚಯಿಸುವ ಈ ಕಟ್ಟಳೆಯ ಬಿಗಿ ಮುಂದಿನ ದಶಕಗಳಲ್ಲಿ ಕ್ರಮೇಣ ಸಡಿಲವಾಯಿತು. ೨೦೨೪ರಲ್ಲಿ ಹೊರಬಂದ ನಿಯಮಗ್ರಂಥದಲ್ಲಿ ‘ಜನಾಂಗ’ವೆಂಬ ಮಾತನ್ನೇ ಕೈಬಿಟ್ಟು ‘ಜೀವಜಾತಿ’ ಎಂಬ ಅರ್ಥದ ಪದವನ್ನು ಬಳಸಿರುವುದು ಸಮಾಜದ ಚಿಂತನೆ ಆಟದ ನಿಯಮವನ್ನು ಹೇಗೆ ತಿದ್ದುವುದೆಂಬುದಕ್ಕೆ ಸಾಕ್ಷಿ.

೨. ಅಕ್ಷರದ ಲೋಕದಿಂದ ಚಿತ್ರದ ಲೋಕಕ್ಕೆ

ಮೇಜಿನ ಸುತ್ತ ಕುಳಿತವರ ಆಟ ಕಂಪ್ಯೂಟರಿಗೆ ಬಂದುದು ವಿಶ್ವವಿದ್ಯಾನಿಲಯಗಳ ಮೂಲಕ ಎಂಬುದು ನಮ್ಮಂತಹವರಿಗೆ ಆಸಕ್ತಿಯ ವಿಷಯ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ೧೯೭೮ರಲ್ಲಿ ‘ಮಡ್’ ಎಂಬ ಆಟವನ್ನು ಆರಂಭಿಸಿದನು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ಅದರಲ್ಲಿ ಚಿತ್ರವೆಂಬುದೇ ಇರಲಿಲ್ಲ. ಆಟಗಾರನು ನಿಂತ ಸ್ಥಳದ ವರ್ಣನೆ ಅಕ್ಷರಗಳಲ್ಲಿ ಮೂಡುತ್ತಿತ್ತು. ಅವನು ತನ್ನ ಆಜ್ಞೆಗಳನ್ನು ಅಕ್ಷರಗಳಲ್ಲಿಯೇ ಬರೆಯುತ್ತಿದ್ದನು. ವೃತ್ತಿಭೇದವೂ ಅದರಲ್ಲಿರಲಿಲ್ಲ. ೧೯೯೧ರ ವೇಳೆಗೆ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಐವರು ವಿದ್ಯಾರ್ಥಿಗಳು ರಚಿಸಿ ಬಿಡುಗಡೆ ಮಾಡಿದ ‘ಡಿಕುಮಡ್’ ಎಂಬ ಅಕ್ಷರದ ಆಟದಲ್ಲಿ ಯೋಧ, ಮಾಂತ್ರಿಕ, ಪಾದ್ರಿ, ಕಳ್ಳ ಎಂಬ ನಾಲ್ಕು ಹಳೆಯ ವೃತ್ತಿಗಳು ನೆಲೆಗೊಂಡುವು.

೧೯೯೭ರಲ್ಲಿ ಹೊರಬಂದ ‘ಅಲ್ಟಿಮಾ ಆನ್‌ಲೈನ್’ ಚಿತ್ರಗಳ ಲೋಕವನ್ನು ಮೇಲಿನಿಂದ ಓರೆಯಾಗಿ ನೋಡುವಂತೆ ತೋರಿಸಿತು. ಅದರಲ್ಲಿ ವೃತ್ತಿಯ ಕಟ್ಟಿಲ್ಲ. ಕತ್ತಿವರಸೆ, ಕಮ್ಮಾರಿಕೆ, ಮೀನುಗಾರಿಕೆ ಮೊದಲಾದ ಕೌಶಲಗಳನ್ನು ಒಟ್ಟು ೭೦೦ ಅಂಕಗಳ ಮಿತಿಯೊಳಗೆ ಯಾರು ಬೇಕಾದರೂ ಬೆಳೆಸಿಕೊಳ್ಳಬಹುದಿತ್ತು. ಮರುವರ್ಷವಲ್ಲ, ಅದರಾಚೆಯ ವರ್ಷ, ಎಂದರೆ ೧೯೯೯ರ ಮಾರ್ಚ್ ೧೬ರಂದು ‘ಎವರ್‌ಕ್ವೆಸ್ಟ್’ ಬಂದಿತು. ಅದು ಡಿಕುಮಡ್ಡಿನ ಪರಂಪರೆಯನ್ನು ಎಷ್ಟು ನಿಕಟವಾಗಿ ಅನುಸರಿಸಿತೆಂದರೆ, ಆ ಆಟದ ಒಂದು ಸಾಲನ್ನೂ ತಾವು ನಕಲು ಮಾಡಿಲ್ಲವೆಂದು ಅದರ ಕರ್ತೃಗಳು ೨೦೦೦ದಲ್ಲಿ ಪ್ರಮಾಣಪೂರ್ವಕ ಹೇಳಿಕೆ ಕೊಡಬೇಕಾಯಿತು. ಹದಿನಾಲ್ಕು ವೃತ್ತಿಗಳಿದ್ದ ಈ ಆಟವನ್ನು ಆಡಲು ಮೂರು ಆಯಾಮಗಳ ಚಿತ್ರವನ್ನು ಮೂಡಿಸುವ ವಿಶೇಷ ಗ್ರಾಫಿಕ್ಸ್ ಕಾರ್ಡು ಕಂಪ್ಯೂಟರಿನಲ್ಲಿ ಇರಲೇಬೇಕಾಗಿತ್ತು. ಆಟಗಾರನು ಲೋಕವನ್ನು ತನ್ನ ಪಾತ್ರದ ಕಣ್ಣಿನಿಂದಲೇ ಕಂಡನು.

೩. ಕೊರತೆಯಿಂದ ಹುಟ್ಟಿದ ಸಮಾಜ

ಎವರ್‌ಕ್ವೆಸ್ಟಿನ ಲೋಕ ಕಠಿಣವಾದುದು. ಪಾತ್ರವು ಸತ್ತರೆ ಅದು ಗಳಿಸಿದ್ದ ಅನುಭವದ ಒಂದು ಭಾಗ ನಷ್ಟವಾಗುತ್ತಿತ್ತು. ಒಡವೆ ಆಯುಧಗಳೆಲ್ಲ ಶವದ ಬಳಿಯೇ ಉಳಿಯುತ್ತಿದ್ದುವು. ಶವವನ್ನು ಹುಡುಕಿ ಹೋಗುವುದು ಆಟಗಾರನದೇ ಹೊಣೆ. ಹೆಚ್ಚಿನ ಸಾಮರ್ಥ್ಯದ ಪಾದ್ರಿಯೊಬ್ಬನು ಪುನರುಜ್ಜೀವನದ ಮಂತ್ರವನ್ನು ಪ್ರಯೋಗಿಸಿದರೆ ಕಳೆದ ಅನುಭವದ ಬಹುಭಾಗ ಹಿಂದಕ್ಕೆ ಬರುತ್ತಿತ್ತು. ದೂರ ಪ್ರಯಾಣಕ್ಕೆ ಡ್ರೂಯಿಡ್ ಎಂಬ ವನಯಾಜಕನ ಅಥವಾ ಮಾಂತ್ರಿಕನ ನೆರವು ದೊರೆಯದಿದ್ದರೆ ಕಾಲ್ನಡಿಗೆಯಲ್ಲಿಯೂ ಹಡಗಿನಲ್ಲಿಯೂ ಬಹಳ ಹೊತ್ತು ಸಾಗಬೇಕು. ಸಮ್ಮೋಹಕನೆಂಬ ವೃತ್ತಿಯವನು ಇತರರ ಮಂತ್ರಶಕ್ತಿ ಬೇಗ ತುಂಬುವಂತೆ ಮಾಡಬಲ್ಲನು; ಆದರೆ ತಾನು ಒಂದೆರಡು ಏಟಿಗೇ ಬೀಳುವನು.

ಹೀಗಿರಲು ಆರು ಜನರ ತಂಡ ಕಟ್ಟದೆ ಹೆಚ್ಚಿನವರಿಗೆ ಮುಂದುವರಿಯುವುದು ದುಸ್ಸಾಧ್ಯವಾಗಿತ್ತು. ಏಟನ್ನು ತಡೆದುಕೊಳ್ಳುವ ಯೋಧ, ಗಾಯವನ್ನು ಮಾಯಿಸುವ ಪಾದ್ರಿ, ಶತ್ರುಗಳನ್ನು ಮರವೆಗೆ ಒಳಪಡಿಸುವ ಸಮ್ಮೋಹಕ - ಈ ಮೂವರನ್ನು ಆಟಗಾರರು ‘ತ್ರಿಮೂರ್ತಿ’ಗಳೆಂಬ ಅರ್ಥದ ಹೆಸರಿನಿಂದ ಕರೆದರು. ಇದರಿಂದ ಒಂದು ಸೇವಾವಿನಿಮಯ ಬೆಳೆಯಿತು. ಪ್ರಯಾಣದ ಮಂತ್ರಕ್ಕೆ ಡ್ರೂಯಿಡನಿಗೆ ಕಾಣಿಕೆ ಕೊಡುವ ವಾಡಿಕೆ ಹುಟ್ಟಿತು. ಮಾತಿಗೆ ತಪ್ಪಿದವನ, ಪಾಲಿಗೆ ಮೀರಿ ದೋಚಿದವನ ಹೆಸರು ಊರಿನಲ್ಲೆಲ್ಲ ಹರಡುತ್ತಿತ್ತು. ಅಂಥವನನ್ನು ತಂಡಕ್ಕೆ ಸೇರಿಸಲು ಜನ ಹಿಂದೆಗೆಯುತ್ತಿದ್ದರು. ಯಾವ ಶಾಸನವೂ ಇದನ್ನು ವಿಧಿಸಿರಲಿಲ್ಲ. ಒಬ್ಬನಿಂದ ಎಲ್ಲವೂ ಆಗದೆಂಬ ನಿಯಮದಿಂದ ಈ ಸಮಾಜ ತಾನಾಗಿಯೇ ಹುಟ್ಟಿತು. ಆದುದರಿಂದ ‘ಯಾವ ವೃತ್ತಿ ಬಲಶಾಲಿ?’ ಎಂದು ಕೇಳುವ ಹೊಸಬನಿಗೆ ಅನುಭವಿಗಳು ಕೇಳಬಹುದಾದ ಮರುಪ್ರಶ್ನೆ ಇದು: ‘ನೀನು ಯಾವ ರೀತಿಯಲ್ಲಿ ಇತರರಿಗೆ ಬೇಕಾದವನಾಗಿರಲು ಇಚ್ಛಿಸುವೆ?’

೪. ನೋಟವೂ ವೃತ್ತಿಗೆ ಅಧೀನ

ಗ್ರಾಫಿಕ್ಸಿನ ಆನಂದ ಎಲ್ಲರಿಗೂ ಸಮಾನವೆಂದು ಭಾವಿಸುವುದು ಸಹಜ. ಎವರ್‌ಕ್ವೆಸ್ಟಿನ ಆರಂಭದ ವರ್ಷಗಳು ಈ ಭಾವನೆಯನ್ನು ಸುಳ್ಳು ಮಾಡುತ್ತವೆ. ಮಂತ್ರಶಕ್ತಿಯನ್ನು ಮತ್ತೆ ತುಂಬಿಕೊಳ್ಳಲು ಮಾಂತ್ರಿಕ ವೃತ್ತಿಗಳವರು ಕುಳಿತು ಮಂತ್ರಪುಸ್ತಕವನ್ನು ತೆರೆದು ಧ್ಯಾನಿಸಬೇಕಾಗಿತ್ತು; ತೆರೆದ ಪುಸ್ತಕ ತೆರೆಯ ಮೇಲಿನ ದೃಶ್ಯವನ್ನೇ ಮುಚ್ಚಿಬಿಡುತ್ತಿತ್ತು. ೩೫ನೆಯ ಹಂತವನ್ನು ಮುಟ್ಟುವವರೆಗೂ ಇದೇ ಕಟ್ಟಳೆ. ಯೋಧನು ಬೆಟ್ಟ ಬಯಲುಗಳನ್ನು ನೋಡುತ್ತ ನಿಂತಿದ್ದಾಗ ಮಾಂತ್ರಿಕನ ಪಾಲಿಗೆ ಲೋಕವೆಂದರೆ ಎರಡು ಪುಟಗಳು. ಶತ್ರು ಬೆನ್ನ ಹಿಂದೆ ಬಂದರೂ ಅವನಿಗೆ ಕಾಣದು, ಸಂಗಡಿಗನು ಎಚ್ಚರಿಸಬೇಕು.

ಕುಲದ ಆಯ್ಕೆಯೂ ಇಂತಹುದೇ. ಮಾನವ ಕುಲದವನಿಗೆ ರಾತ್ರಿಯಲ್ಲಿ ಕಣ್ಣು ಕಾಣುತ್ತಿರಲಿಲ್ಲ. ತೆರೆ ಬಹುಮಟ್ಟಿಗೆ ಕಪ್ಪಾಗುತ್ತಿತ್ತು. ದೀಪವನ್ನೋ ಬೆಳಕಿನ ವಸ್ತುವನ್ನೋ ಹಿಡಿದು ನಡೆಯಬೇಕು. ಕತ್ತಲ ಯಕ್ಷರೆನ್ನಬಹುದಾದ ಇನ್ನೊಂದು ಕುಲದವರಿಗೆ ಅದೇ ರಾತ್ರಿ ಸ್ಪಷ್ಟವಾಗಿ ಗೋಚರಿಸುತ್ತಿತ್ತು. ಕಿಥಿಕೋರ್ ಎಂಬ ಅರಣ್ಯದಲ್ಲಿ ಹೊತ್ತು ಮುಳುಗಿದೊಡನೆ ಪ್ರಬಲ ಪ್ರೇತಗಳು ಸಂಚರಿಸುತ್ತಿದ್ದುವು. ಅದನ್ನು ದಾಟಬೇಕಾದ ಮಾನವ ಪಾತ್ರದ ಭಯವನ್ನು ಚಿತ್ರಕಾರನ ಕೌಶಲವಲ್ಲ, ಕಾಣದಿರುವಿಕೆಯೇ ನಿರ್ಮಿಸುತ್ತಿತ್ತು. ಇಂದಿನ ಕಣ್ಣಿಗೆ ಆ ಚಿತ್ರಗಳು ಒರಟಾಗಿ ಕಾಣುತ್ತವೆ. ಆದರೂ ಅವುಗಳನ್ನು ಕಂಡವರು ಆ ಕಾಡನ್ನು ಮರೆತಿಲ್ಲದಿದ್ದರೆ ಅದಕ್ಕೆ ಕಾರಣವನ್ನು ಚಿತ್ರದ ಸೂಕ್ಷ್ಮತೆಯಲ್ಲಿ ಹುಡುಕಬೇಕಾದುದಿಲ್ಲ.

೨೦೦೪ರ ನವೆಂಬರ್ ತಿಂಗಳಿನಲ್ಲಿ ಎರಡು ಆಟಗಳು ಒಂದರ ಬೆನ್ನಿಗೆ ಒಂದು ಬಂದು ಈ ವಿಚಾರವನ್ನು ಪರೀಕ್ಷೆಗೊಡ್ಡಿದುವು. ‘ಎವರ್‌ಕ್ವೆಸ್ಟ್ ೨’ ನಿಜಸದೃಶವಾದ ಚಿತ್ರವನ್ನು ಗುರಿಯಾಗಿಟ್ಟುಕೊಂಡಿತು. ಮುಂದೆ ಬರಲಿರುವ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ರಚಿತವಾದ ಅದರ ಪೂರ್ಣ ಸೊಬಗನ್ನು ಅಂದಿನ ಸಾಧಾರಣ ಕಂಪ್ಯೂಟರುಗಳು ತೋರಿಸಲಾರದೆ ಹೋದುವು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬೇರೆ ದಾರಿ ಹಿಡಿಯಿತು. ಅದರ ಆಕೃತಿಗಳು ಸರಳ, ಮೇಲ್ಮೈಗಳು ಕೈಯಿಂದ ಬಣ್ಣ ಬಳಿದಂತಹವು, ಭುಜಕವಚಗಳು ಅತಿಶಯವಾಗಿ ದೊಡ್ಡವು. ಈ ಶೈಲಿ ಬಂದುದು ೧೯೯೪ರಲ್ಲಿ ಆರಂಭವಾದ ವಾರ್‌ಕ್ರಾಫ್ಟ್ ಎಂಬ ಯುದ್ಧತಂತ್ರದ ಆಟದಿಂದ. ಅಲ್ಲಿ ಸೈನಿಕರು ಮೇಲಿನಿಂದ ಇರುವೆಗಳಂತೆ ಕಾಣುವುದರಿಂದ ಯಾರು ಯಾರೆಂಬುದು ಒಂದೇ ನೋಟಕ್ಕೆ ತಿಳಿಯಬೇಕಿತ್ತು. ಹೊಸ ಆಟದ ಒಂಬತ್ತು ವೃತ್ತಿಗಳವರನ್ನೂ ದೂರದಿಂದಲೇ ಅವರ ಆಕಾರ, ಉಡುಗೆ, ಆಯುಧಗಳಿಂದ ಗುರುತಿಸಬಹುದಾಗಿತ್ತು. ನಲವತ್ತು ಜನರು ಒಟ್ಟಿಗೆ ಒಂದು ಮಹಾಮೃಗವನ್ನು ಎದುರಿಸುವ ಗದ್ದಲದಲ್ಲಿ ಗಾಯ ಮಾಯಿಸುವವನು ಎಲ್ಲಿದ್ದಾನೆಂಬುದು ಕಣ್ಣಿಗೆ ಬೀಳುವುದೇ ಚಿತ್ರದ ಮೊದಲ ಗುಣ. ಆ ಆಟದ ಚಂದಾದಾರರು ೨೦೧೦ರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ಮುಟ್ಟಿದರು. ಇದಕ್ಕೆ ಕಾರಣಗಳು ಹಲವು. ಸಾಧಾರಣ ಯಂತ್ರದಲ್ಲಿಯೂ ಸ್ಪಷ್ಟವಾಗಿ ಕಾಣುವ ಚಿತ್ರ ಅವುಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ.

ವಿರುದ್ಧವಾದ ನಿದರ್ಶನ ಜಪಾನಿನಿಂದ ಬಂದಿದೆ. ೨೦೧೦ರಲ್ಲಿ ಹೊರಬಂದ ‘ಫೈನಲ್ ಫ್ಯಾಂಟಸಿ ೧೪’ ಮನೋಹರವಾದ ಚಿತ್ರಗಳಿಂದ ಕೂಡಿದ್ದರೂ ಸೋತಿತು. ಅನಂತರ ಅದರ ಹೊಣೆ ಹೊತ್ತ ನವೋಕಿ ಯೋಶಿದಾ ೨೦೧೪ರಲ್ಲಿ ಸೋಲಿನ ಕಾರಣಗಳನ್ನು ವಿವರಿಸುತ್ತ, ಒಂದು ಹೂಕುಂಡದ ಚಿತ್ರಕ್ಕೆ ಒಬ್ಬ ಆಟಗಾರನ ಪಾತ್ರಕ್ಕೆ ಬೇಕಾಗುವಷ್ಟೇ ಬಹುಭುಜಾಕೃತಿಗಳನ್ನು ವ್ಯಯಿಸಿದ್ದರೆಂದು ಹೇಳಿದನು. ಯಂತ್ರದ ಶಕ್ತಿ ಮಿತವಾದುದು. ಹೂಕುಂಡಕ್ಕೆ ಕೊಟ್ಟುದು ಜನರಿಗೆ ದೊರೆಯದು. ೨೦೧೨ರ ನವೆಂಬರಿನಲ್ಲಿ ಆ ಲೋಕವನ್ನು, ಕಥೆಯೊಳಗೇ ಆಕಾಶದಿಂದ ಬಿದ್ದ ಉಪಗ್ರಹವೊಂದರಿಂದ ನಾಶವಾದಂತೆ ತೋರಿಸಿ, ಮುಚ್ಚಲಾಯಿತು. ೨೦೧೩ರ ಆಗಸ್ಟಿನಲ್ಲಿ ಹೊಸದಾಗಿ ಕಟ್ಟಿದ ಲೋಕ ತೆರೆದು ಯಶಸ್ಸು ಪಡೆಯಿತು.

೫. ಆಯ್ಕೆಯ ಕಟ್ಟು ಸಡಿಲವಾದುದು

ವೃತ್ತಿಯ ಆಯ್ಕೆ ಬದಲಾಯಿಸಲಾಗದುದೆಂಬ ನಿಯಮ ಕಾಲಕ್ರಮದಲ್ಲಿ ಶಿಥಿಲವಾಯಿತು. ಫೈನಲ್ ಫ್ಯಾಂಟಸಿ ೧೪ರಲ್ಲಿ ಒಬ್ಬನೇ ಪಾತ್ರಧಾರಿ ಕೈಯಲ್ಲಿನ ಆಯುಧವನ್ನು ಬದಲಿಸಿ ವೃತ್ತಿಯನ್ನೇ ಬದಲಿಸಬಹುದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ೨೦೦೯ರ ಡಿಸೆಂಬರಿನಿಂದ ಐವರ ತಂಡವನ್ನು ಯಂತ್ರವೇ ಹೊಂದಿಸತೊಡಗಿತು: ಏಟು ತಡೆಯುವವನೊಬ್ಬ, ಗಾಯ ಮಾಯಿಸುವವನೊಬ್ಬ, ಏಟು ಹಾಕುವವರು ಮೂವರು. ಬೇರೆ ಬೇರೆ ಸರ್ವರುಗಳಿಂದ ಬಂದ ಈ ಐವರು ಅರ್ಧ ಗಂಟೆ ಕೂಡಿ ಹೋರಾಡಿ, ಒಂದು ಮಾತನ್ನೂ ಆಡದೆ ಅಗಲಬಹುದಾಗಿತ್ತು. ಗಂಟೆಗಟ್ಟಲೆ ತಂಡಕ್ಕಾಗಿ ಕಾಯುವ ಬೇಸರ ತಪ್ಪಿದುದು ಆಟಗಾರರಿಗೆ ನಿಜವಾದ ಲಾಭ, ಅದನ್ನು ಅಲ್ಲಗಳೆಯಲಾಗದು. ಆದರೆ ವೃತ್ತಿಭೇದ ಉಳಿದರೂ ಅದರಿಂದ ಹುಟ್ಟಿದ್ದ ಪರಿಚಯ ಕಡಿಮೆಯಾಯಿತು. ಪರಿಚಯವಿಲ್ಲದೆಡೆ ಒಳ್ಳೆಯ ಹೆಸರಿಗೆ ಬೆಲೆಯೂ ಕಡಿಮೆ.

ಕಟ್ಟನ್ನು ಒಮ್ಮೆಲೇ ಬದಲಿಸಿದರೆ ಏನಾಗುವುದೆಂಬುದಕ್ಕೆ ಅದ್ಭುತಲೋಕದಿಂದ ಸ್ವಲ್ಪ ಹೊರಗಿನ, ಅಂತರಿಕ್ಷದ ಕಥೆಯ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಸಾಕ್ಷಿ. ೨೦೦೫ರ ನವೆಂಬರಿನಲ್ಲಿ ಅದರ ಆಡಳಿತವು ಮೂವತ್ತಕ್ಕೂ ಮಿಕ್ಕ ಕಸುಬುಗಳನ್ನು ರದ್ದುಪಡಿಸಿ ಒಂಬತ್ತು ವೃತ್ತಿಗಳನ್ನು ವಿಧಿಸಿತು. ಎರಡು ವರ್ಷಗಳ ದುಡಿಮೆಯಿಂದ ಪ್ರಾಣಿಗಳನ್ನು ಪಳಗಿಸುವ ಕಸುಬಿನಲ್ಲಿ ನಿಪುಣನಾದವನು ಒಂದು ಬೆಳಗ್ಗೆ ಎದ್ದಾಗ ಆ ಕಸುಬೇ ಇರಲಿಲ್ಲ. ಬಹುಮಂದಿ ಆಟವನ್ನು ಬಿಟ್ಟು ಹೋದರು. ೨೦೧೧ರ ಡಿಸೆಂಬರಿನಲ್ಲಿ ಆಟವೇ ನಿಂತಿತು.

೬. ಆಕರಗಳ ಪ್ರಶ್ನೆ

ಇತಿಹಾಸದ ವಿದ್ಯಾರ್ಥಿಗೆ ಈ ವಿಷಯದಲ್ಲಿ ಕಾತರವನ್ನುಂಟುಮಾಡಬೇಕಾದ ಸಂಗತಿ ಇದು. ೨೦೦೫ರ ಸೆಪ್ಟೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನ ಒಂದು ದೇಗುಲದೊಳಗೆ ಮಾತ್ರ ಇರಬೇಕಾಗಿದ್ದ ಕಲ್ಪಿತ ರೋಗವೊಂದು, ಬೇಟೆಗಾರ ಮೊದಲಾದ ವೃತ್ತಿಗಳವರ ಸಾಕುಪ್ರಾಣಿಗಳ ಮೂಲಕ ಹೊರಬಿದ್ದು ನಗರಗಳಿಗೆ ಹಬ್ಬಿತು. ಗಾಯ ಮಾಯಿಸುವ ವೃತ್ತಿಯವರಲ್ಲಿ ಕೆಲವರು ನೆರವಿಗೆ ಧಾವಿಸಿದರು. ಕೆಲವರು ಊರು ಬಿಟ್ಟು ಓಡಿದರು. ಕೆಲವರು ಬೇಕೆಂದೇ ಸೋಂಕನ್ನು ಹರಡಿದರು. ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಜನರ ನಡತೆಯನ್ನು ತಿಳಿಯಲು ಈ ಘಟನೆ ಉಪಯುಕ್ತವೆಂದು ೨೦೦೭ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನಗಳು ಪ್ರಕಟವಾದುವು. ಇಷ್ಟು ಮಹತ್ತ್ವದ ಘಟನೆಯನ್ನು ಕುರಿತು ನಮಗೆ ಉಳಿದಿರುವುದು ಬಹುಮಟ್ಟಿಗೆ ನೋಡಿದವರ ಹೇಳಿಕೆಗಳೂ ಕೆಲವು ಚಿತ್ರಗಳೂ ಮಾತ್ರ.

ಕಲ್ಲಿನ ಶಾಸನ ಒಡೆದರೂ ತುಣುಕು ಉಳಿಯುವುದು. ಸರ್ವರನ್ನು ನಿಲ್ಲಿಸಿದರೆ ಲೋಕವೇ ಅಡಗುವುದು. ೧೯೯೯ರಲ್ಲಿ ಆರಂಭವಾದ ‘ಆಷೆರನ್ಸ್ ಕಾಲ್’ ೨೦೧೭ರ ಜನವರಿ ೩೧ರಂದು ನಿಂತಿತು. ನಿಲ್ಲದ ಆಟಗಳೂ ಹಳೆಯ ರೂಪದಲ್ಲಿ ಉಳಿಯುವುದಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನ ಮೂಲ ಭೂಖಂಡಗಳನ್ನು ೨೦೧೦ರಲ್ಲಿ ಹೊಸದಾಗಿ ತಿದ್ದಿ ಬರೆಯಲಾಯಿತು. ಹಳೆಯ ರೂಪವನ್ನು ಅನಧಿಕೃತವಾಗಿ ಉಳಿಸಿಕೊಂಡಿದ್ದ ‘ನಾಸ್ಟಾಲ್ರಿಯಸ್’ ಎಂಬ ಸರ್ವರು ಹಕ್ಕುದಾರರ ಕಾನೂನು ಎಚ್ಚರಿಕೆಯಿಂದ ೨೦೧೬ರ ಏಪ್ರಿಲಿನಲ್ಲಿ ಮುಚ್ಚಿದಾಗ ಎರಡು ಲಕ್ಷಕ್ಕೂ ಹೆಚ್ಚು ಜನರು ಮನವಿಗೆ ಸಹಿ ಹಾಕಿದರು. ಕೊನೆಗೆ ೨೦೧೯ರ ಆಗಸ್ಟ್ ೨೭ರಂದು ಕಂಪನಿಯೇ ಹಳೆಯ ಆಟವನ್ನು ‘ಕ್ಲಾಸಿಕ್’ ಎಂಬ ಹೆಸರಿನಿಂದ ಮತ್ತೆ ತೆರೆಯಿತು. ಮೊದಲಿನ ಒಂಬತ್ತು ವೃತ್ತಿಗಳು, ಅವುಗಳ ಹಳೆಯ ಕೊರತೆಗಳು, ಹಳೆಯ ಒರಟು ಚಿತ್ರಗಳು ಹಿಂದಿರುಗಿದುವು. ನೂತನ ಚಿತ್ರಗಳು ಕೈಗೆಟುಕುತ್ತಿದ್ದರೂ ಅಪಾರ ಜನ ಅಲ್ಲಿ ನೆರೆದರು. ಆದರೆ ಅಲ್ಲಿಗೆ ಬಂದವರು ೨೦೦೪ರ ಹೊಸಬರಲ್ಲ. ಪ್ರತಿಯೊಂದು ಹಾದಿಯನ್ನೂ ಬಲ್ಲವರು. ಭೂಮಿಯನ್ನು ಮರಳಿ ಕಟ್ಟಬಹುದು, ಅರಿಯದಿರುವಿಕೆಯನ್ನು ಮರಳಿ ಕಟ್ಟಲಾಗದು.

ಆದುದರಿಂದ ಆಕರಗಳನ್ನು ಈಗಲೇ ಸಂಗ್ರಹಿಸುವುದು ಯುಕ್ತ. ಅಚ್ಚಾದ ಕೈಪಿಡಿಗಳು, ನಿಯಮ ಬದಲಾದಾಗಲೆಲ್ಲ ಕಂಪನಿಗಳು ಹೊರಡಿಸಿದ ತಿದ್ದುಪಡಿಯ ಪ್ರಕಟಣೆಗಳು, ಆಟಗಾರರು ಹಿಡಿದಿಟ್ಟ ತೆರೆಚಿತ್ರಗಳು - ಇವು ಲಿಖಿತ ಮತ್ತು ದೃಶ್ಯ ಆಕರಗಳು. ಮಾನವಶಾಸ್ತ್ರಜ್ಞೆ ಬಾನಿ ನಾರ್ಡಿ ವಾರ್‌ಕ್ರಾಫ್ಟಿನ ಲೋಕದಲ್ಲಿ ಕ್ಷೇತ್ರಕಾರ್ಯ ಮಾಡಿ ೨೦೧೦ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ಆಕೆಯ ಪಾತ್ರದ ಕುಲವೂ ವೃತ್ತಿಯೂ ಸೇರಿವೆ. ಯಾವ ಸ್ಥಾನದಲ್ಲಿ ನಿಂತು ನೋಡಿದೆನೆಂಬುದನ್ನು ಮೊದಲು ಹೇಳುವ ಈ ಕ್ರಮ ಅನುಕರಣೀಯ. ನಮ್ಮ ಕಾಲೇಜುಗಳಲ್ಲಿ ಈ ಆಟಗಳನ್ನು ಆಡಿದ ವಿದ್ಯಾರ್ಥಿಗಳಿದ್ದರೆ ಅವರ ಮೌಖಿಕ ಹೇಳಿಕೆಗಳನ್ನೂ ಬರೆದಿಡಬಹುದು. ಅವರನ್ನು ಕೇಳುವಾಗ ‘ಚಿತ್ರ ಹೇಗಿತ್ತು?’ ಎಂಬಷ್ಟಕ್ಕೆ ನಿಲ್ಲಿಸದೆ, ನೀವು ಯಾವ ವೃತ್ತಿಯವರಾಗಿದ್ದಿರಿ, ನಿಮಗೆ ಯಾರು ಬೇಕಾಗಿದ್ದರು, ಅವರನ್ನು ದೂರದಿಂದ ಹೇಗೆ ಗುರುತಿಸುತ್ತಿದ್ದಿರಿ ಎಂದೂ ಕೇಳಬೇಕು. ಇಂತಹ ಪ್ರಶ್ನಾವಳಿಯೊಂದನ್ನು ಸ್ನಾತಕೋತ್ತರ ತರಗತಿಯ ಅಭ್ಯಾಸಲೇಖನಕ್ಕೆ ವಸ್ತುವನ್ನಾಗಿ ಕೊಡುವುದು ಅಸಾಧ್ಯವಾದ ಕಾರ್ಯವೇನಲ್ಲ.